ಪ್ಯಾಕ್-12 ಒಡೆದ ಮೇಲೆ: ಹೋದವರಿಗೆ ಏನು ಸಿಕ್ಕಿತು, ಉಳಿದವರ ಗತಿ ಏನು?

ಕಾರ್ವಾಲಿಸ್_ಮೈಸೂರು:
ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮುಗಿಸಿ, ಅಲ್ಲೇ ಕೆಲವು ವರ್ಷ ದುಡಿದು, ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ಕಾರ್ವಾಲಿಸ್ ಬಿಟ್ಟು ಬಂದರೂ ಬೀವರ್ಸ್ ತಂಡದ ಹುಚ್ಚು ಬಿಟ್ಟಿಲ್ಲ. ಅಲ್ಲಿ ಶನಿವಾರ ರಾತ್ರಿ ಏಳೂವರೆಗೆ ಶುರುವಾಗುವ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಮಗೆ ಭಾನುವಾರ ಬೆಳಿಗ್ಗೆ ಎಂಟಕ್ಕೆ. ತಿಂಡಿಯ ತಟ್ಟೆ ಹಿಡಿದು ಟಿವಿಯ ಮುಂದೆ ಕೂರುವುದು ಮನೆಯವರಿಗೂ ಅಭ್ಯಾಸವಾಗಿತ್ತು.

ಅಮೆರಿಕದ ಪಶ್ಚಿಮ ಭಾಗದ ಹನ್ನೆರಡು ವಿಶ್ವವಿದ್ಯಾಲಯಗಳು (ಅಲ್ಲಿ ಅವನ್ನು ಶಾಲೆ ಎಂದೇ ಕರೆಯುತ್ತಾರೆ) ಕೂಡಿ ಆಡುತ್ತಿದ್ದ ಕ್ರೀಡಾ ಒಕ್ಕೂಟ ಪ್ಯಾಕ್-12. ಅದು ಹೇಗೆ ಚೂರಾಯಿತೆಂದು ನೆನಪಿಸಿಕೊಳ್ಳೋಣ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ತಾವು ಬಿಗ್ ಟೆನ್ ಎಂಬ ಇನ್ನೊಂದು ಒಕ್ಕೂಟ ಸೇರುವುದಾಗಿ ಘೋಷಿಸಿದವು. 2023ರ ಜುಲೈ ಕೊನೆಯಲ್ಲಿ ಕೊಲರಾಡೊ ತನ್ನ ಹಳೆಯ ಒಕ್ಕೂಟ ಬಿಗ್ 12ಕ್ಕೆ ಮರಳಿತು. ಆಗಸ್ಟ್ 4ರ ಒಂದೇ ದಿನ ಐದು ಶಾಲೆಗಳು ಹೊರಟವು: ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್ ಮತ್ತು ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಕ್ಯಾಲ್), ಹೆಸರಿನಲ್ಲೇ ಅಟ್ಲಾಂಟಿಕ್ ಕರಾವಳಿ ಇರುವ ಎಸಿಸಿಗೆ ಸೇರಿಕೊಂಡವು. ಉಳಿದದ್ದು ಎರಡೇ: ನಮ್ಮ ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ನನಗೆ ನೋವಾಗುವುದು ಇಲ್ಲಿ. 1915ರಲ್ಲಿ ಈ ಒಕ್ಕೂಟದ ಪೂರ್ವಜ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸನ್ನು ಕಟ್ಟಿದ ನಾಲ್ಕು ಶಾಲೆಗಳಲ್ಲಿ ಒರೆಗಾನ್ ಸ್ಟೇಟ್ ಒಂದು. ಆಗ ಅದಕ್ಕೆ ಕೃಷಿ ಕಾಲೇಜು ಎಂಬ ಹೆಸರಿತ್ತು. ಯುಎಸ್‌ಸಿ ಬಂದದ್ದು 1922ರಲ್ಲಿ, ಯುಸಿಎಲ್‌ಎ 1928ರಲ್ಲಿ. ಕಟ್ಟಿದವರು ಬೀದಿಯಲ್ಲಿ ನಿಂತರು, ಆಮೇಲೆ ಬಂದವರು ಗಂಟು ಕಟ್ಟಿಕೊಂಡು ಹೊರಟರು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಟಿವಿಯ ದುಡ್ಡು ಬರುವುದು ಬಹುಪಾಲು ಫುಟ್‌ಬಾಲ್‌ನಿಂದ. ಹಾಗಿದ್ದ ಮೇಲೆ ಫುಟ್‌ಬಾಲ್ ಒಂದನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಲಿ. ಈಜು, ವಾಲಿಬಾಲ್, ಸಾಫ್ಟ್‌ಬಾಲ್, ಟೆನಿಸ್ ಆಡುವ ಮಕ್ಕಳನ್ನು ಖಂಡದ ಆ ತುದಿಗೆ ಎಳೆದುಕೊಂಡು ಹೋಗುವುದು ಅನ್ಯಾಯ. ಪಶ್ಚಿಮ ಕರಾವಳಿಯಲ್ಲಿರುವವರು, ಅದರಲ್ಲೂ ಮಕ್ಕಳನ್ನು ಆಟಕ್ಕೆ ಕಳಿಸಿರುವವರು, ನಿಮ್ಮ ಅನುಭವ ಬರೆಯಿರಿ.

ದಾವಣಗೆರೆ_ಹೊಸಬ:
ಸರ್, ನಾನು ಈ ವಿಷಯಕ್ಕೆ ಹೊಸಬ. ಮುಂದಿನ ವರ್ಷ ಓದಲು ಅಮೆರಿಕಕ್ಕೆ ಹೊರಟಿದ್ದೇನೆ. ಒಂದು ವಿಶ್ವವಿದ್ಯಾಲಯ ಯಾವ ಒಕ್ಕೂಟದಲ್ಲಿ ಆಡುತ್ತದೆ ಎನ್ನುವುದು ಇಷ್ಟು ದೊಡ್ಡ ಸಂಗತಿ ಏಕೆ?

ಕಾರ್ವಾಲಿಸ್_ಮೈಸೂರು:
ಒಳ್ಳೆಯ ಪ್ರಶ್ನೆ ತಮ್ಮಾ. ನಮ್ಮಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ದೇಶವನ್ನು ವಲಯಗಳಾಗಿ ಹಂಚಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ನಡೆಸುತ್ತದೆ. ಮೈಸೂರು ವಿಶ್ವವಿದ್ಯಾಲಯದ ತಂಡ ಮೊದಲು ದಕ್ಷಿಣ ವಲಯದಲ್ಲಿ ಆಡುತ್ತದೆ, ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತದೆ. ಯಾವ ವಲಯ ಎನ್ನುವುದನ್ನು ಭೂಪಟ ಹೇಳುತ್ತದೆ, ನಾವು ಆರಿಸಿಕೊಳ್ಳುವಂತಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾನ್ಫರೆನ್ಸ್ ಎಂದರೆ ಶಾಲೆಗಳು ತಾವೇ ಕೂಡಿ ಮಾಡಿಕೊಂಡ ಒಕ್ಕೂಟ. ಯಾರೊಡನೆ ಆಡಬೇಕು, ಪ್ರಸಾರ ಹಕ್ಕನ್ನು ಯಾರಿಗೆ ಮಾರಬೇಕು, ಬಂದ ದುಡ್ಡನ್ನು ಹೇಗೆ ಹಂಚಬೇಕು ಎಂದು ಅದೇ ತೀರ್ಮಾನಿಸುತ್ತದೆ. ಅಲ್ಲಿನ ಕಾಲೇಜು ಫುಟ್‌ಬಾಲ್ ಎಂದರೆ ಅರವತ್ತು ಎಪ್ಪತ್ತು ಸಾವಿರ ಜನ ಕೂತು ನೋಡುವ ಆಟ. ಆ ಆಟದ ಗಳಿಕೆಯಲ್ಲೇ ಉಳಿದ ಇಪ್ಪತ್ತು ಮೂವತ್ತು ತಂಡಗಳ ತರಬೇತುದಾರರ ಸಂಬಳ, ವಿದ್ಯಾರ್ಥಿವೇತನ, ಪ್ರಯಾಣ ಎಲ್ಲ ನಡೆಯಬೇಕು. ಒಕ್ಕೂಟ ಬಡವಾದರೆ ಎಲ್ಲವೂ ಸೊರಗುತ್ತವೆ.

ಸಿಯಾಟಲ್_ಸೋನೆ:
ನಾನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ, ಹಸ್ಕೀಸ್ ತಂಡದ ಖಾಯಂ ಟಿಕೆಟ್ ಇಟ್ಟುಕೊಂಡವನು. ನಮ್ಮನ್ನು ಮನೆ ಮುರಿದವರು ಎಂದು ಎಲ್ಲರೂ ಬೈಯುತ್ತಾರೆ. ನಮ್ಮ ಕಡೆಯ ಮಾತನ್ನೂ ಕೇಳಬೇಕು.

2023ರ ಆಗಸ್ಟ್ ಮೊದಲ ವಾರದಲ್ಲಿ ನಮ್ಮ ಮುಂದಿದ್ದದ್ದು ಆಪಲ್ ಕಂಪನಿಯ ಪ್ರಸ್ತಾಪ ಒಂದೇ. ಪಂದ್ಯಗಳೆಲ್ಲ ಬಹುಪಾಲು ಆಪಲ್‌ನ ಚಂದಾ ಸೇವೆಯಲ್ಲಿ, ಚಂದಾದಾರರು ಹೆಚ್ಚಿದಂತೆ ದುಡ್ಡು ಹೆಚ್ಚುತ್ತದೆ ಎಂಬ ಕರಾರು. ಮೂಲ ಮೊತ್ತ ಶಾಲೆಗೆ ಎರಡರಿಂದ ಎರಡೂವರೆ ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಅತ್ತ ಬಿಗ್ ಟೆನ್ ಒಕ್ಕೂಟ ಅದಕ್ಕೆ ಒಂದು ವರ್ಷ ಮೊದಲೇ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರೊಂದಿಗೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತ್ತು. ನಮಗೆ ಪೂರ್ತಿ ಪಾಲೂ ಸಿಗಲಿಲ್ಲ. ಸುಮಾರು ಮೂರು ಕೋಟಿ ಡಾಲರ್‌ನಿಂದ ಶುರು, ವರ್ಷಕ್ಕೆ ಹತ್ತು ಲಕ್ಷ ಏರಿಕೆ. ಹಳೆಯ ಸದಸ್ಯರ ಅರ್ಧದಷ್ಟು. ಆದರೂ ಅದು ಖಚಿತವಾದ ದುಡ್ಡು. 2013ರಲ್ಲಿ ತೆರೆದ ಹೊಸ ಹಸ್ಕಿ ಕ್ರೀಡಾಂಗಣಕ್ಕೆ ಸುಮಾರು 28 ಕೋಟಿ ಡಾಲರ್ ವೆಚ್ಚವಾಗಿದೆ. ಆ ಸಾಲದ ಕಂತನ್ನು ಚಂದಾದಾರರ ಮೇಲಿನ ಭರವಸೆಯಿಂದ ಕಟ್ಟಲಾಗುವುದಿಲ್ಲ.

ಯುಎಸ್‌ಸಿ, ಯುಸಿಎಲ್‌ಎ ಎರಡೂ ಲಾಸ್ ಏಂಜಲೀಸ್ ಎಂಬ ಮಾರುಕಟ್ಟೆಯನ್ನೇ ಎತ್ತಿಕೊಂಡು ಹೋದ ದಿನವೇ ಒಕ್ಕೂಟದ ಉಸಿರು ನಿಂತಿತ್ತು. ನಾವು ಹೋಗದೆ ಇದ್ದಿದ್ದರೆ ಹನ್ನೆರಡು ಶಾಲೆಗಳಲ್ಲಿ ಇಬ್ಬರ ಬದಲು ನಾಲ್ವರು ಉಳಿಯುತ್ತಿದ್ದರು, ಅಷ್ಟೇ.

ಲೆಕ್ಕಪತ್ರ:
ಸಾನ್ ಹೊಸೆಯಲ್ಲಿ ಲೆಕ್ಕಪರಿಶೋಧಕನಾಗಿದ್ದೇನೆ, ಈ ಒಕ್ಕೂಟದ ಆಯವ್ಯಯವನ್ನು ಹತ್ತು ವರ್ಷದಿಂದ ಓದುತ್ತಾ ಬಂದಿದ್ದೇನೆ. ಸೋನೆಯವರೇ, ಆಗಸ್ಟ್ 2023ರ ನಿಮ್ಮ ಲೆಕ್ಕ ಸರಿಯಿದೆ. ಆದರೆ ಆ ಸ್ಥಿತಿ ಹೇಗೆ ಬಂತು ಎನ್ನುವುದನ್ನು ಬಿಟ್ಟು ಆ ದಿನದ ಲೆಕ್ಕವನ್ನಷ್ಟೇ ಹಾಕಿದರೆ ತಪ್ಪಿತಸ್ಥರು ಪಾರಾಗುತ್ತಾರೆ.

ಇದರ ಬೇರು 1984ರಲ್ಲಿದೆ. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲ್‌ನ ಟಿವಿ ಹಕ್ಕನ್ನೆಲ್ಲ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯೇ ಮಾರುತ್ತಿತ್ತು, ಒಂದು ಶಾಲೆ ಎಷ್ಟು ಸಲ ಟಿವಿಯಲ್ಲಿ ಬರಬಹುದೆಂದು ಮಿತಿ ಹಾಕುತ್ತಿತ್ತು. ಒಕ್ಲಹೋಮಾ ವಿಶ್ವವಿದ್ಯಾಲಯದ ರೀಜೆಂಟರು, ಅಂದರೆ ಆಡಳಿತ ಮಂಡಳಿಯವರು, ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಅದನ್ನು ಏಕಸ್ವಾಮ್ಯವೆಂದು ಕಿತ್ತುಹಾಕಿತು. ಅಂದಿನಿಂದ ಹಕ್ಕು ಒಕ್ಕೂಟಗಳ ಕೈಗೆ ಬಂತು. ಯಾವ ಒಕ್ಕೂಟದಲ್ಲಿ ಹೆಚ್ಚು ನೋಡುಗರಿದ್ದಾರೋ ಅದು ದೊಡ್ಡದಾಯಿತು, ದೊಡ್ಡದು ಸಣ್ಣದರಿಂದ ಕಿತ್ತುಕೊಳ್ಳತೊಡಗಿತು. 2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಅದೇ ಒಕ್ಲಹೋಮಾ ಆಗ್ನೇಯ ರಾಜ್ಯಗಳ ಒಕ್ಕೂಟವಾದ ಎಸ್‌ಇಸಿಗೆ ಹೊರಟಾಗ ಬಿಗ್ ಟೆನ್ ಸುಮ್ಮನೆ ಕೂರುವಂತಿರಲಿಲ್ಲ. ಅದರ ಉತ್ತರವೇ ಲಾಸ್ ಏಂಜಲೀಸ್.

ಇನ್ನು ಪ್ಯಾಕ್-12ರ ಸ್ವಯಂಕೃತ ಅಪರಾಧಗಳು. ಕಮಿಷನರ್ ಲ್ಯಾರಿ ಸ್ಕಾಟ್ 2012ರಲ್ಲಿ ಒಕ್ಕೂಟದ್ದೇ ಒಡೆತನದ ಟಿವಿ ಜಾಲ ತೆರೆದರು. ಬಿಗ್ ಟೆನ್ ಜಾಲದಲ್ಲಿ ಫಾಕ್ಸ್ ಪಾಲುದಾರ, ಎಸ್‌ಇಸಿ ಜಾಲ ಕ್ರೀಡಾ ವಾಹಿನಿ ಇಎಸ್‌ಪಿಎನ್‌ನದ್ದು. ಇವರಿಗೆ ಪಾಲುದಾರರೇ ಬೇಡವಾಗಿತ್ತು. ಪರಿಣಾಮವಾಗಿ ಉಪಗ್ರಹ ಟಿವಿ ಸೇವೆ ಡೈರೆಕ್‌ಟಿವಿ ಆ ವಾಹಿನಿಯನ್ನು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಸಾನ್ ಫ್ರಾನ್ಸಿಸ್ಕೊ ನಗರದ ನಡುವೆ ದುಬಾರಿ ಬಾಡಿಗೆಯ ಕಚೇರಿ, ಸ್ಟುಡಿಯೊ. 2022ರ ಆರ್ಥಿಕ ವರ್ಷದಲ್ಲಿ ಈ ಒಕ್ಕೂಟ ಶಾಲೆಗೆ ಹಂಚಿದ್ದು ಸುಮಾರು 3.7 ಕೋಟಿ ಡಾಲರ್, ಬಿಗ್ ಟೆನ್ ಹಂಚಿದ್ದು ಸುಮಾರು 5.9 ಕೋಟಿ. ಲಾಸ್ ಏಂಜಲೀಸ್ ಹೋದ ಮೇಲೂ ಇಎಸ್‌ಪಿಎನ್ ಶಾಲೆಗೆ ಮೂರು ಕೋಟಿಯ ಲೆಕ್ಕದಲ್ಲಿ ಪ್ರಸ್ತಾಪ ಮುಂದಿಟ್ಟಿತ್ತು, ಇವರು ಐದು ಕೋಟಿ ಕೇಳಿ ಕಳೆದುಕೊಂಡರು ಎಂಬುದು ವ್ಯಾಪಕವಾಗಿ ವರದಿಯಾದ ಸಂಗತಿ. ಸೋನೆಯವರೇ, ನೀವು ಬಿಗ್ ಟೆನ್‌ನಲ್ಲಿ ಪಡೆದದ್ದೂ ಅದೇ ಮೂರು ಕೋಟಿಯೇ. ಆ ಸಭೆಗಳಲ್ಲಿ ಕೂತು ಐದು ಕೋಟಿಗೆ ತಲೆಯಾಡಿಸಿದ ಕುಲಪತಿಗಳು ಇಂದು ಯಾರಿಗೂ ಉತ್ತರ ಹೇಳುವಂತಿಲ್ಲ. ಇದು ನನ್ನನ್ನು ಈಗಲೂ ಕೆರಳಿಸುತ್ತದೆ.

ಪಲೂಸ್_ಗೋಧಿ:
ಪುಲ್ಮನ್‌ನಿಂದ ಬರೆಯುತ್ತಿದ್ದೇನೆ. ವಾಷಿಂಗ್ಟನ್ ಸ್ಟೇಟ್‌ನಲ್ಲಿ ಸಸ್ಯಶಾಸ್ತ್ರ ಓದಲು ಧಾರವಾಡದಿಂದ ಬಂದವನು ಇಲ್ಲೇ ಬೇರು ಬಿಟ್ಟೆ.

ಈ ಊರನ್ನು ನೋಡದವರಿಗೆ ಸ್ವಲ್ಪ ವಿವರಿಸಬೇಕು. ಸಿಯಾಟಲ್‌ನಿಂದ 450 ಕಿಲೋಮೀಟರ್‌ಗೂ ಹೆಚ್ಚು ದೂರ. ಸುತ್ತ ಗೋಧಿ ಬೆಳೆಯುವ ಉಬ್ಬುತಗ್ಗಿನ ದಿಬ್ಬಗಳು ಬಿಟ್ಟರೆ ಬೇರೇನಿಲ್ಲ. ಊರಿನ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು, ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಸನಗಳೂ ಅಷ್ಟೇ. ಪಂದ್ಯದ ಶುಕ್ರವಾರ ಬಂತೆಂದರೆ ಸ್ಪೋಕೇನ್ ಕಡೆಯಿಂದ ಕಾರುಗಳ ಸಾಲು. ಹೋಟೆಲ್ ಕೋಣೆ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಡೇರಿಯ ಕೂಗರ್ ಗೋಲ್ಡ್ ಚೀಸ್ ದುಂಡನೆಯ ತಗಡಿನ ಡಬ್ಬಿಯಲ್ಲಿ ಬರುತ್ತದೆ. ಹಳೆಯ ವಿದ್ಯಾರ್ಥಿಗಳು ಅದನ್ನು ಕಂಕುಳಲ್ಲಿ ಅವುಚಿಕೊಂಡು ಡೇರಿಯಿಂದ ಕ್ರೀಡಾಂಗಣದತ್ತ ಇಳಿಯುತ್ತಾರೆ. ವರ್ಷದಲ್ಲಿ ಆರೇಳು ವಾರಾಂತ್ಯ ಮಾತ್ರ ಹೀಗೆ. ಇಲ್ಲಿನ ಊಟದ ಹೋಟೆಲುಗಳು ವರ್ಷವಿಡೀ ಬದುಕುವುದು ಆ ವಾರಾಂತ್ಯಗಳ ಗಳಿಕೆಯಿಂದ.

2023ರ ಸೆಪ್ಟೆಂಬರ್ 23ರಂದು ಕೈಬಿಡಲ್ಪಟ್ಟ ಎರಡೂ ಶಾಲೆಗಳು ಇಲ್ಲೇ ಎದುರಾದವು. ನಾವು 38-35ರಿಂದ ಗೆದ್ದೆವು. ಪಂದ್ಯ ಮುಗಿದ ಮೇಲೆ ಒರೆಗಾನ್ ಸ್ಟೇಟ್‌ನ ಕಿತ್ತಳೆ ಅಂಗಿಯವರೊಡನೆ ನಮ್ಮವರು ಕೈ ಕುಲುಕಿದ ರೀತಿಯನ್ನು ನಾನು ಮರೆಯಲಾರೆ. ಅಂದು ನಮ್ಮ ತಂಡವನ್ನು ಮುನ್ನಡೆಸಿದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್. ಆ ಋತು ಮುಗಿದ ಮೇಲೆ ಅವನು ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದ, 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಯ್ಕೆಯಲ್ಲಿ ಮೊದಲನೆಯವನಾದ. ಅವನ ನಂತರ ಬೆಳೆದ ಜಾನ್ ಮಟೀರ್ ಒಂದೇ ವರ್ಷದಲ್ಲಿ ಒಕ್ಲಹೋಮಾಕ್ಕೆ ಹೋದ. ಅದೇ ತಿಂಗಳು ಮುಖ್ಯ ತರಬೇತುದಾರ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್ ಸೇರಿದರು. ನಾವು ಗಿಡ ನೆಟ್ಟು ನೀರೆರೆಯುತ್ತೇವೆ, ಹಣ್ಣಿನ ಹೊತ್ತಿಗೆ ಬೇರೆಯವರು ಬರುತ್ತಾರೆ. ಹುಡುಗರನ್ನು ದೂರುವುದಿಲ್ಲ. ಅವರ ಆಯುಷ್ಯದ ಗಳಿಕೆ ಎರಡು ಮೂರು ವರ್ಷಗಳಲ್ಲಿ ತೀರ್ಮಾನವಾಗುತ್ತದೆ.

ನನ್ನ ಮಟ್ಟಿಗೆ ದೊಡ್ಡ ಪೆಟ್ಟು ಫುಟ್‌ಬಾಲ್‌ನದಲ್ಲ. 2025ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ವಿಭಾಗದಿಂದ ಎಸೆತ, ಜಿಗಿತಗಳನ್ನೆಲ್ಲ ಕೈಬಿಟ್ಟು, ಓಟದಲ್ಲೂ ದೂರದ ಓಟಕ್ಕಷ್ಟೇ ಒತ್ತು ಎಂದು ಪ್ರಕಟಿಸಿತು. 1978ರಲ್ಲಿ ಕೀನ್ಯಾದ ಹೆನ್ರಿ ರೋನೊ ಇಲ್ಲಿನ ವಿದ್ಯಾರ್ಥಿಯಾಗಿದ್ದಾಗಲೇ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದವನು. ಅಂಥ ಅಂಗಳ ಇದು. ಜಾವೆಲಿನ್ ಎಸೆಯುವ ಒಬ್ಬ ಹುಡುಗಿಗೂ ಆಗಸ್ಟ್ 4ರ ಸಭೆಗೂ ಏನು ಸಂಬಂಧವಿತ್ತು ಹೇಳಿ?

ಕಾರ್ವಾಲಿಸ್_ಮೈಸೂರು:
ಗೋಧಿಯವರೇ, ಓದಿ ಹೊಟ್ಟೆ ಉರಿಯಿತು. ನ್ಯಾಯಾಲಯದ ಕಥೆಯನ್ನೂ ಹೇಳಿ. ಇಲ್ಲಿ ಅನೇಕರಿಗೆ ಗೊತ್ತಿಲ್ಲ.

ಪಲೂಸ್_ಗೋಧಿ:
ಹೇಳುತ್ತೇನೆ. ಅವಿಭಕ್ತ ಕುಟುಂಬದಲ್ಲಿ ಹತ್ತು ಜನ ಬೇರೆ ಮನೆ ಮಾಡುತ್ತೇವೆಂದು ಹೇಳಿ, ಹೋಗುವ ಮುನ್ನ ಕಣಜದ ಬೀಗದ ಕೈ ಯಾರ ಬಳಿ ಇರಬೇಕೆಂದು ತಾವೇ ಮತ ಹಾಕಲು ಕೂತರೆ ಹೇಗಿರುತ್ತದೆಯೋ ಹಾಗಿತ್ತು ಪರಿಸ್ಥಿತಿ. ಒಕ್ಕೂಟದ ಬೈಲಾದಲ್ಲಿ, ಅವಧಿಗೆ ಮುನ್ನ ಹೊರಡುವ ನೋಟಿಸ್ ಕೊಟ್ಟವರಿಗೆ ಮಂಡಳಿಯಲ್ಲಿ ಸ್ಥಾನವಿಲ್ಲ ಎಂದಿತ್ತು. ಯುಎಸ್‌ಸಿ, ಯುಸಿಎಲ್‌ಎ ಹೊರಟಾಗ ಒಕ್ಕೂಟವೇ ಆ ನಿಯಮದಂತೆ ಅವರನ್ನು ಮಂಡಳಿಯಿಂದ ಹೊರಗಿಟ್ಟಿತ್ತು. ತಮ್ಮ ಸರದಿ ಬಂದಾಗ ಉಳಿದವರು ಅದನ್ನು ಒಪ್ಪಲು ತಯಾರಿರಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಎರಡು ಶಾಲೆಗಳೂ ಇಲ್ಲಿನ ವಿಟ್ಮನ್ ಕೌಂಟಿ ನ್ಯಾಯಾಲಯಕ್ಕೆ ಹೋದವು. ಆ ಪುಟ್ಟ ನ್ಯಾಯಾಲಯ ಇರುವುದು ಪಕ್ಕದ ಕೋಲ್‌ಫ್ಯಾಕ್ಸ್ ಎಂಬ ಊರಿನಲ್ಲಿ. ನವೆಂಬರ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಡಿಸೆಂಬರ್ 15ರಂದು ರಾಜ್ಯದ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ನಿರಾಕರಿಸಿತು. ಕೊನೆಗೆ ರಾಜಿಯಲ್ಲಿ ಹೊರಟ ಹತ್ತು ಶಾಲೆಗಳು ಒಟ್ಟು 6.5 ಕೋಟಿ ಡಾಲರ್ ಬಿಟ್ಟುಕೊಟ್ಟವು. ಒಕ್ಕೂಟದ ಹೆಸರು, ಆಸ್ತಿ, ಹೊಣೆ ನಮ್ಮಿಬ್ಬರಿಗೆ ಉಳಿಯಿತು.

ಒಂದು ಮಾತು ಹೇಳಲೇಬೇಕು. ಒರೆಗಾನ್ ಸ್ಟೇಟ್‌ನ ಅಧ್ಯಕ್ಷೆ ಜಯತಿ ಮೂರ್ತಿ ಕಾನ್ಪುರ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. 2022ರಲ್ಲಿ ಕಾರ್ವಾಲಿಸ್‌ಗೆ ಬರುವ ಮೊದಲು ಯುಸಿಎಲ್‌ಎಯಲ್ಲಿ ಎಂಜಿನಿಯರಿಂಗ್ ವಿಭಾಗದ ಡೀನ್ ಆಗಿದ್ದವರು. ಅವರು ಕುರ್ಚಿಯಲ್ಲಿ ಕೂತು ಒಂದು ವರ್ಷವಾಗುವಷ್ಟರಲ್ಲಿ ಮನೆ ಒಡೆದಿತ್ತು. ಆಗ ನಮ್ಮ ಅಧ್ಯಕ್ಷರಾಗಿದ್ದ ಕರ್ಕ್ ಶುಲ್ಜ್ ಜತೆ ಸೇರಿ ಅವರು ಆ ಹೋರಾಟ ನಡೆಸಿದ ಪರಿಯನ್ನು ನಾನು ಮೆಚ್ಚುತ್ತೇನೆ.

ಕೊಲ್ಲಿ_ತಾಯಿ:
ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಮೈಸೂರಿನವರು ತಂದೆತಾಯಿಯರ ಅನುಭವ ಕೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಪಶ್ಚಿಮ ಕರಾವಳಿಯ ಒಂದು ವಿಶ್ವವಿದ್ಯಾಲಯದ ವಾಲಿಬಾಲ್ ತಂಡದಲ್ಲಿದ್ದಾಳೆ. ಯಾವುದೆಂದು ಹೇಳುವುದಿಲ್ಲ, ಅವಳಿಗೆ ಮುಜುಗರವಾಗುತ್ತದೆ.

ಮೊದಲು ಹೊರ ಊರಿನ ಪಂದ್ಯವೆಂದರೆ ಗುರುವಾರ ಮಧ್ಯಾಹ್ನದ ತರಗತಿ ಮುಗಿಸಿ ಹೊರಡುತ್ತಿದ್ದರು. ಒಂದೂವರೆ ಎರಡು ಗಂಟೆಯ ವಿಮಾನ, ಅದೇ ಗಡಿಯಾರ. ಈಗ ಬುಧವಾರವೇ ಹೊರಡಬೇಕು. ಮೂರು ಗಂಟೆಯ ಕಾಲವ್ಯತ್ಯಾಸ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಅಭ್ಯಾಸ ಎಂದರೆ ಅವಳ ದೇಹಕ್ಕೆ ಬೆಳಗಿನ ಜಾವ ಐದು. ಸಾವಯವ ರಸಾಯನಶಾಸ್ತ್ರದ ಪರೀಕ್ಷೆಯನ್ನು ಹೋಟೆಲಿನ ಸಭಾಕೋಣೆಯಲ್ಲಿ, ತಂಡದ ಜತೆ ಬಂದ ಬೋಧಕರ ಕಣ್ಗಾವಲಿನಲ್ಲಿ ಬರೆದಳು. ಪ್ರಯೋಗಾಲಯದ ತರಗತಿಯನ್ನು ಹೋಟೆಲಿಗೆ ಕೊಂಡೊಯ್ಯಲಾಗುವುದಿಲ್ಲವಲ್ಲ. ಹಾಗಾಗಿ ಋತುವಿನಲ್ಲಿ ಪ್ರಯೋಗಾಲಯ ಇರುವ ವಿಷಯವನ್ನೇ ತೆಗೆದುಕೊಳ್ಳಬೇಡ ಎಂದು ಸಲಹೆ ಬಂತು. ವೈದ್ಯಳಾಗಬೇಕೆಂದು ಹೊರಟವಳು ಈಗ ಒಂದು ವರ್ಷ ಹೆಚ್ಚಿಗೆ ಓದುವ ಲೆಕ್ಕ ಹಾಕುತ್ತಿದ್ದಾಳೆ.

ಭಾನುವಾರ ನಡುರಾತ್ರಿ ವಿಮಾನ ನಿಲ್ದಾಣದಿಂದ ಕರೆತರಲು ನಾನೇ ಹೋಗುತ್ತೇನೆ. ಕಾರಿನಲ್ಲಿ ಕೂತ ತಕ್ಷಣ ಮೊಣಕಾಲಿಗೆ ಸುತ್ತಿದ ಐಸಿನ ಚೀಲ ಬಿಚ್ಚುತ್ತಾಳೆ, ಅದು ಕರಗಿ ಬೆಚ್ಚಗಾಗಿರುತ್ತದೆ. ಮೊಸರನ್ನದ ಡಬ್ಬಿ ಕೊಟ್ಟರೆ ಅರ್ಧ ತಿಂದು ನಿದ್ದೆ ಹೋಗುತ್ತಾಳೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತರಗತಿ. ಫುಟ್‌ಬಾಲ್ ಹುಡುಗರು ಋತುವಿನಲ್ಲಿ ಇಂಥ ಪ್ರಯಾಣ ಮಾಡುವುದು ಕೆಲವೇ ಸಲ, ಅದೂ ಬಾಡಿಗೆ ವಿಮಾನದಲ್ಲಿ. ಇವರು ಎರಡು ವಿಮಾನ ಬದಲಿಸಿ ಹೋಗುತ್ತಾರೆ. ದುಡ್ಡು ತರುವ ಆಟ ಅದು ಎಂದು ಗೊತ್ತು. ಆದರೆ ದಣಿವು ಯಾರ ಪಾಲಿಗೆ ಬಂದಿದೆ ಎನ್ನುವುದನ್ನು ಲೆಕ್ಕ ಹಾಕುವವರು ಯಾರು?

ಸಿಯಾಟಲ್_ಸೋನೆ:
ತಾಯಿ, ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಸಿಯಾಟಲ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು 3,900 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹೋಗುವ ದೂರದ ಎರಡರಷ್ಟಕ್ಕಿಂತ ಹೆಚ್ಚು. ಇದನ್ನು ಸಾಫ್ಟ್‌ಬಾಲ್ ತಂಡಕ್ಕೆ ಹೊರಿಸಿದ್ದು ಸರಿಯಲ್ಲವೆಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ.

ಆದರೆ ಆಟದ ಮಟ್ಟದ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಒರೆಗಾನ್ 2024ರಲ್ಲಿ ಬಿಗ್ ಟೆನ್‌ನ ಮೊದಲ ವರ್ಷದಲ್ಲೇ ಒಂದೂ ಸೋಲಿಲ್ಲದೆ ಪ್ರಶಸ್ತಿ ಗೆದ್ದಿತು. ಪೆನ್ ಸ್ಟೇಟ್, ಒಹಾಯೊ ಸ್ಟೇಟ್ ನಮ್ಮ ಊರಿಗೆ ಬಂದು ಆಡುವುದನ್ನು ನೋಡಬೇಕೆಂಬ ಆಸೆ ಸಿಯಾಟಲ್‌ನ ಮಕ್ಕಳಿಗೂ ಇದೆ.

ಪಲೂಸ್_ಗೋಧಿ:
ಅದೇ 2024ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲೇ ನಡೆದ, ನಮ್ಮಿಬ್ಬರ ನಡುವಿನ ಆಪಲ್ ಕಪ್ ಪಂದ್ಯದಲ್ಲಿ ಬಿಗ್ ಟೆನ್‌ನ ನಿಮ್ಮ ತಂಡವನ್ನು ಯಾರಿಗೂ ಬೇಡವಾದ ನಾವು 24-19ರಿಂದ ಸೋಲಿಸಿದೆವು. ಕೊನೆಯ ಗಳಿಗೆಯಲ್ಲಿ ಗೆರೆಯ ಅಂಚಿನಲ್ಲಿ ನಿಮ್ಮವರನ್ನು ತಡೆದದ್ದು ನೆನಪಿದೆಯೇ? 1900ರಿಂದ ನಡೆದುಬಂದ ಈ ಪೈಪೋಟಿ ನಿಲ್ಲಲಿಲ್ಲ ಎಂಬುದೊಂದು ಸಮಾಧಾನ. ಒಕ್ಲಹೋಮಾ ಮತ್ತು ಒಕ್ಲಹೋಮಾ ಸ್ಟೇಟ್ ನಡುವಿನ ಪಂದ್ಯ 2023ಕ್ಕೇ ನಿಂತುಹೋಯಿತು.

ಸಿಯಾಟಲ್_ಸೋನೆ:
ಚೆನ್ನಾಗಿ ನೆನಪಿದೆ, ಗೋಧಿಯವರೇ. ಅಲ್ಲೇ ಕೂತಿದ್ದೆ. ಗೆಲ್ಲಲು ಅರ್ಹರಾಗಿದ್ದಿರಿ.

ಬರ್ಕ್ಲಿ_ಬೆಟ್ಟ:
ಕ್ಯಾಲ್ ಕಡೆಯಿಂದ ನಾಲ್ಕು ಮಾತು. ನಮಗೆ ಎಸಿಸಿಯಲ್ಲಿ ಸಿಗುವುದು ಮೊದಲ ಏಳು ವರ್ಷ ಶೇ 30ರಷ್ಟು ಪಾಲು, ಎಂಟನೇ ವರ್ಷ ಶೇ 70, ಒಂಬತ್ತನೇ ವರ್ಷ ಶೇ 75. ನಮ್ಮ ಜತೆ ಬಂದ ಟೆಕ್ಸಸ್‌ನ ಎಸ್‌ಎಂಯು ಒಂಬತ್ತು ವರ್ಷ ಟಿವಿ ಹಣವೇ ಬೇಡ, ಸೇರಿಸಿಕೊಂಡರೆ ಸಾಕು ಎಂದಿತು. ಹೇವರ್ಡ್ ಭೂಬಿರುಕಿನ ಮೇಲೆ ಕೂತಿರುವ ನಮ್ಮ ಕ್ರೀಡಾಂಗಣವನ್ನು ಭದ್ರಪಡಿಸಿದ ಸಾಲ 40 ಕೋಟಿ ಡಾಲರ್ ಮೀರಿದ್ದು. ಒಂದೇ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದ ಯುಸಿಎಲ್‌ಎ ನಮ್ಮನ್ನು ಬಿಟ್ಟು ಹೋದದ್ದಕ್ಕಾಗಿ ವರ್ಷಕ್ಕೆ ಒಂದು ಕೋಟಿ ಡಾಲರ್ ನಮಗೆ ಕೊಡಬೇಕೆಂದು ರೀಜೆಂಟರು 2024ರಲ್ಲಿ ತೀರ್ಮಾನಿಸಿದರು. ಅದೊಂದು ಆಸರೆ.

ಒಳ್ಳೆಯದು ಏನೂ ಆಗಿಲ್ಲವೆಂದರೆ ಸುಳ್ಳಾಗುತ್ತದೆ. 2024ರ ಅಕ್ಟೋಬರ್ 5ರಂದು ಇಎಸ್‌ಪಿಎನ್‌ನ ಗೇಮ್‌ಡೇ ಕಾರ್ಯಕ್ರಮ ಬರ್ಕ್ಲಿಗೆ ಬಂತು. ನಸುಕಿಗೆ ಮೊದಲೇ ವಿದ್ಯಾರ್ಥಿಗಳು ಹುಲ್ಲುಹಾಸಿನ ಮೇಲೆ ತುಂಬಿಹೋಗಿದ್ದರು. ಆ ರಾತ್ರಿ ಮಯಾಮಿಯ ಎದುರು 35-10ರಿಂದ ಮುಂದಿದ್ದು 39-38ಕ್ಕೆ ಸೋತೆವು. ನಮ್ಮ ಕೈಯಿಂದ ಪಂದ್ಯ ಕಸಿದವನು ಗೋಧಿಯವರು ಹೇಳಿದ ಅದೇ ಕ್ಯಾಮ್ ವಾರ್ಡ್.

ಲೆಕ್ಕಪತ್ರ:
ಮೈಸೂರಿನವರ ಮೂಲ ಪ್ರಸ್ತಾಪಕ್ಕೆ ಬರೋಣ, ಚರ್ಚೆ ಅಲ್ಲಿಂದ ಜಾರುತ್ತಿದೆ. ಫುಟ್‌ಬಾಲ್ ಒಂದನ್ನು ಬೇರ್ಪಡಿಸಿ ಉಳಿದವನ್ನು ಸ್ಥಳೀಯವಾಗಿ ಆಡಿಸುವುದು ಸಾಧ್ಯವೇ? ಸಾಧ್ಯ ಎನ್ನುವುದಕ್ಕೆ ಸಾಕ್ಷಿ ಕಣ್ಣ ಮುಂದೆಯೇ ಇದೆ. ಬಿಗ್ ಟೆನ್, ಎಸಿಸಿ ಎರಡೂ ವಾಟರ್ ಪೋಲೊ ನಡೆಸುವುದಿಲ್ಲ. ಹಾಗಾಗಿ ಯುಎಸ್‌ಸಿ, ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್, ಕ್ಯಾಲ್ ನಾಲ್ಕೂ ಇಂದಿಗೂ ಮೌಂಟನ್ ಪೆಸಿಫಿಕ್ ಒಕ್ಕೂಟದಲ್ಲಿ, ಕ್ಯಾಲಿಫೋರ್ನಿಯಾದ ಒಳಗೇ ಒಬ್ಬರೊಡನೊಬ್ಬರು ಆಡುತ್ತವೆ. ಯಾರಿಗೂ ನಷ್ಟವಾಗಿಲ್ಲ, ಆಟದ ಮಟ್ಟ ಇಳಿದಿಲ್ಲ. ಇದೇ ವ್ಯವಸ್ಥೆ ವಾಲಿಬಾಲ್‌ಗೆ ಏಕಿಲ್ಲ? ಒಕ್ಕೂಟಗಳು ತಮ್ಮ ವಾಹಿನಿಗಳಲ್ಲಿ ದಿನವೂ ಏನಾದರೂ ತೋರಿಸಬೇಕು, ಅದಕ್ಕೆ ಸಾಮಗ್ರಿ ಬೇಕು. ಕೊಲ್ಲಿಯ ತಾಯಿಯವರ ಮಗಳ ನಿದ್ದೆ ಹೋಗುತ್ತಿರುವುದು ಆ ಸಾಮಗ್ರಿಗಾಗಿ.

ಇನ್ನೊಂದು ಭಾರವೂ ಸೇರಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ರಾಜಿಯಂತೆ ಶಾಲೆಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, 2025-26ರಲ್ಲಿ ಅದರ ಮಿತಿ 2.05 ಕೋಟಿ ಡಾಲರ್. ಆಟಗಾರರಿಗೆ ದುಡ್ಡು ಸಿಗುವುದು ನ್ಯಾಯವೇ. ಆದರೆ ಅದು ಬಹುತೇಕ ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ ಹೋಗುತ್ತದೆ, ಉಳಿತಾಯ ಮಾಡಬೇಕಾದವರು ಉಳಿದವರು. ಇಂಥ ಹೊತ್ತಿನಲ್ಲಿ ಸ್ಥಳೀಯ ಪ್ರಯಾಣ ದಾನಧರ್ಮದ ಮಾತಲ್ಲ, ಖರ್ಚು ಇಳಿಸುವ ಅತ್ಯಂತ ಸರಳ ದಾರಿ.

ದಾವಣಗೆರೆ_ಹೊಸಬ:
ಹಾಗಾದರೆ ಉಳಿದ ಆ ಎರಡು ಶಾಲೆಗಳು ಈಗ ಯಾರೊಡನೆ ಆಡುತ್ತವೆ?

ಕಾರ್ವಾಲಿಸ್_ಮೈಸೂರು:
2024ರಲ್ಲಿ ಮೌಂಟನ್ ವೆಸ್ಟ್ ಒಕ್ಕೂಟಕ್ಕೆ 1.4 ಕೋಟಿ ಡಾಲರ್ ಕೊಟ್ಟು ಪಂದ್ಯಗಳನ್ನು ಪಡೆದೆವು. 2025ರಲ್ಲಿ ಆ ಏರ್ಪಾಡು ಮುಂದುವರಿಯಲಿಲ್ಲ. ಒಂದೇ ಋತುವಿನಲ್ಲಿ ನಾವಿಬ್ಬರೇ ಎರಡು ಸಲ ಆಡಿದೆವು. ನಮ್ಮ ಬೇಸ್‌ಬಾಲ್ ಹುಡುಗರ ಬಗ್ಗೆ ಹೆಮ್ಮೆಯಿಂದ ಹೇಳಬೇಕು. 2025ರಲ್ಲಿ ಯಾವ ಒಕ್ಕೂಟವೂ ಇಲ್ಲದೆ, ಊರೂರು ಅಲೆದು ಆಡಿ, ಕಾರ್ವಾಲಿಸ್‌ನಲ್ಲಿ ಫ್ಲೋರಿಡಾ ಸ್ಟೇಟ್ ತಂಡವನ್ನು ಸೋಲಿಸಿ ಒಮಾಹಾದ ಕಾಲೇಜ್ ವಿಶ್ವ ಸರಣಿಗೆ ತಲುಪಿದರು.

2026ರ ಜುಲೈನಿಂದ ಹೊಸ ಪ್ಯಾಕ್-12. ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್, ಜತೆಗೆ ಫುಟ್‌ಬಾಲ್ ತಂಡವಿಲ್ಲದ ಗೊನ್ಜಾಗಾ.

ಪಲೂಸ್_ಗೋಧಿ:
ಅವರಲ್ಲಿ ಐವರು ಮೌಂಟನ್ ವೆಸ್ಟ್‌ನಿಂದಲೇ ಬಂದವರು. ನಮಗೆ ಬಿಗ್ ಟೆನ್ ಮಾಡಿದ್ದನ್ನು ನಾವು ಅವರಿಗೆ ಮಾಡಿದೆವು. ಇದು ನನ್ನನ್ನು ಚುಚ್ಚುತ್ತದೆ. ಒಬ್ಬೊಬ್ಬ ಸದಸ್ಯನನ್ನು ಸೆಳೆದುಕೊಂಡದ್ದಕ್ಕೆ ಕೊಡಬೇಕಾದ ದಂಡದ ಬಗ್ಗೆ ಅವರೊಡನೆ ವ್ಯಾಜ್ಯವೂ ಆಗಿದೆ, ಐವರಿಗೂ ಸೇರಿ ಒಟ್ಟು ಮೊತ್ತ 5.5 ಕೋಟಿ ಡಾಲರ್. ಆದರೆ ಬೇರೆ ದಾರಿ ಏನಿತ್ತು?

ನಮ್ಮ ಭಯ ಎಲ್ಲಿಂದ ಬಂದದ್ದೆಂದು ಗೊತ್ತಾಗಬೇಕಾದರೆ ಪುಲ್ಮನ್‌ನಿಂದ 13 ಕಿಲೋಮೀಟರ್ ಪೂರ್ವಕ್ಕೆ ಹೋಗಿ ಮಾಸ್ಕೋ ಎಂಬ ಊರು ನೋಡಬೇಕು. ಅಲ್ಲಿನ ಐಡಹೊ ವಿಶ್ವವಿದ್ಯಾಲಯವೂ 1922ರಿಂದ ಇದೇ ಪೆಸಿಫಿಕ್ ಕೋಸ್ಟ್ ಒಕ್ಕೂಟದಲ್ಲಿತ್ತು, ಯುಎಸ್‌ಸಿ ಬಂದ ವರ್ಷವೇ ಬಂದದ್ದು. 1959ರಲ್ಲಿ ಆ ಒಕ್ಕೂಟ ಮುರಿದು ದೊಡ್ಡವರು ಹೊಸದನ್ನು ಕಟ್ಟಿದಾಗ ವಾಷಿಂಗ್ಟನ್ ಸ್ಟೇಟ್, ಎರಡು ಒರೆಗಾನ್‌ಗಳು, ಐಡಹೊ ಎಲ್ಲವೂ ಹೊರಗುಳಿದವು. ನಮ್ಮನ್ನು 1962ರಲ್ಲಿ, ಒರೆಗಾನ್‌ನ ಎರಡೂ ಶಾಲೆಗಳನ್ನು 1964ರಲ್ಲಿ ಮತ್ತೆ ಕರೆದರು. ಐಡಹೊವನ್ನು ಯಾರೂ ಕರೆಯಲಿಲ್ಲ. ಒಕ್ಕೂಟದಿಂದ ಒಕ್ಕೂಟಕ್ಕೆ ಅಲೆದು, 2018ರಲ್ಲಿ ಅದು ಕಾಲೇಜು ಫುಟ್‌ಬಾಲ್‌ನ ಮೇಲಿನ ಸ್ತರವನ್ನು ತಾನಾಗಿಯೇ ಬಿಟ್ಟು ಕೆಳಗಿನ ಸ್ತರಕ್ಕೆ ಇಳಿಯಿತು. ನಾವು ದಿನವೂ ನೋಡುವ ನೆರೆಮನೆ ಅದು. ಬಾಯ್ಸಿಯನ್ನು ಕರೆತಂದದ್ದು ಸರಿಯೇ ತಪ್ಪೇ ಎಂದು ಯೋಚಿಸುವಾಗಲೆಲ್ಲ ನನ್ನ ಕಣ್ಣು ಆ ಕಡೆಗೆ ಹೋಗುತ್ತದೆ.

ಸಿಯಾಟಲ್_ಸೋನೆ:
ಐಡಹೊದ ಕಥೆ ನನಗೆ ತಿಳಿದಿರಲಿಲ್ಲ. ಒಂದು ಮಾತು ಒಪ್ಪುತ್ತೇನೆ: ನಮ್ಮ ಸಾಫ್ಟ್‌ಬಾಲ್, ವಾಲಿಬಾಲ್, ಸಾಕರ್ ತಂಡಗಳು ಮತ್ತೆ ಪುಲ್ಮನ್, ಕಾರ್ವಾಲಿಸ್, ಬರ್ಕ್ಲಿಗಳ ಜತೆ ಋತುವಿಡೀ ಆಡುವಂತಾದರೆ ಮೊದಲ ಟಿಕೆಟ್ ನಾನೇ ಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಕ್ರೀಡಾ ನಿರ್ದೇಶಕರಿಗೆ ಒಂದು ಪತ್ರ ಬರೆಯೋಣ. ಲೆಕ್ಕಪತ್ರದವರು ಪ್ರಯಾಣ ವೆಚ್ಚದ ಪಟ್ಟಿ ಸಿದ್ಧಪಡಿಸಿ ಕೊಡುವಿರಾ? ರಾಜ್ಯ ವಿಶ್ವವಿದ್ಯಾಲಯಗಳ ಕ್ರೀಡಾ ಲೆಕ್ಕ ಸಾರ್ವಜನಿಕ ದಾಖಲೆ, ಕೇಳಿದರೆ ಕೊಡಲೇಬೇಕು.

ಲೆಕ್ಕಪತ್ರ:
ಖಂಡಿತ. ಆಟವಾರು ಪ್ರಯಾಣ ವೆಚ್ಚ ಪ್ರತಿ ಶಾಲೆಯೂ ಎನ್‌ಸಿಎಎಗೆ ಸಲ್ಲಿಸುವ ವಾರ್ಷಿಕ ಲೆಕ್ಕದಲ್ಲೇ ಇರುತ್ತದೆ. ವಾಷಿಂಗ್ಟನ್, ಒರೆಗಾನ್, ಯುಸಿಎಲ್‌ಎ, ಕ್ಯಾಲ್ ನಾಲ್ಕಕ್ಕೂ ಅರ್ಜಿ ಹಾಕುತ್ತೇನೆ. ಸ್ಟ್ಯಾನ್‌ಫರ್ಡ್, ಯುಎಸ್‌ಸಿ ಖಾಸಗಿಯವು, ಅವುಗಳ ಲೆಕ್ಕ ಹೀಗೆ ಸಿಗುವುದಿಲ್ಲ. ಒಡೆಯುವ ಮೊದಲಿನ ಕೊನೆಯ ಎರಡು ವರ್ಷ ಮತ್ತು ಆನಂತರದ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸೋಣ.

ಕೊಲ್ಲಿ_ತಾಯಿ:
ಪತ್ರದಲ್ಲಿ ತಪ್ಪಿಸಿಕೊಂಡ ತರಗತಿಗಳ ಲೆಕ್ಕವನ್ನೂ ಕೇಳಿ. ತಂಡದ ಇತರ ತಂದೆತಾಯಿಯರೊಡನೆ ಮಾತನಾಡಿದ್ದೇನೆ, ಸಹಿ ಹಾಕಲು ಅನೇಕರು ತಯಾರಿದ್ದಾರೆ. ಕರಡು ಸಿದ್ಧವಾದಾಗ ಇಲ್ಲೇ ಹಾಕಿ, ಅದನ್ನು ಇಂಗ್ಲಿಷಿಗೆ ಬರೆದು ಅವರಿಗೆ ತಲುಪಿಸುವ ಕೆಲಸ ನನಗಿರಲಿ.